ಅಪ್ಪನ ಟ್ರಂಕಿನಲ್ಲಿ ಸಿಕ್ಕ ಎರಡು ಟಿಕಳಿ ಪಿಸ್ತೂಲು: ತೊಳೆಯಲಾ, ಬಿಡಲಾ?

ಟಿಕಳಿಡಬ್ಬಿ (ಶಹಾಪುರ, ಬೆಳಗಾವಿ)

ನಮಸ್ಕಾರ. ಈ ಬಳಗದಲ್ಲಿ ನಾಣ್ಯ, ಅಂಚೆಚೀಟಿ, ಹಳೇ ರೇಡಿಯೋದವರೇ ಜಾಸ್ತಿ. ಆಟಿಕೆ ಕೂಡಿಡುವವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ಹೋದ ವಾರ ಸುಣ್ಣ-ಬಣ್ಣಕ್ಕೆ ಮನೆ ಖಾಲಿ ಮಾಡುವಾಗ ಅಪ್ಪನ ಟ್ರಂಕು ಕೆಳಗೆ ಇಳಿಯಿತು. ಒಳಗೆ ಮಗ್ಗದ ಲೆಕ್ಕದ ಪುಸ್ತಕ, ಕೆಟ್ಟ ಟಾರ್ಚು, ಹಳೇ ಧೋತರದಲ್ಲಿ ಸುತ್ತಿಟ್ಟ ಎರಡು ಟಿಕಳಿ ಪಿಸ್ತೂಲು. ಬೇರೆ ಕಡೆ ಕೇಪು, ರೀಲು ಅಂತೀರಲ್ಲ, ಅದಕ್ಕೇ ನಾವು ಟಿಕಳಿ ಅನ್ನೋದು.

ಒಂದು ಬೆಳ್ಳಿ ಬಣ್ಣದ್ದು. ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚು, ಒಳ್ಳೇ ತೂಕ. ಹಿಡಿಗೆ ಬಿಳಿ ಪ್ಲಾಸ್ಟಿಕ್ಕು, ಒಂದು ಬದಿ ಸೀಳಿದೆ. ಮಗ್ಗುಲಲ್ಲಿ 'ಲೋನ್ ಸ್ಟಾರ್' ಅಂತಲೂ 'ಮೇಡ್ ಇನ್ ಇಂಗ್ಲೆಂಡ್' ಅಂತಲೂ ಇಂಗ್ಲಿಷಿನಲ್ಲಿ ಉಬ್ಬಿದ ಅಕ್ಷರ ಇವೆ. ಇನ್ನೊಂದು ಕಪ್ಪು ತಗಡಿನದು. ಹಗುರ. ಹೆಸರಿಲ್ಲ, ಊರಿಲ್ಲ. ನಳಿಗೆಯ ಬಾಯಿ ಕೆಂಪು ತುಕ್ಕಿನಿಂದ ಮುಚ್ಚಿಹೋಗಿದೆ.

ಅವ್ವ ಅದೇ ದಿನ ಭಂಗಾರದವನನ್ನು, ಅಂದರೆ ಗುಜರಿಯವನನ್ನು, ಕರೆದಿದ್ದಳು. ಅವನು ಎರಡಕ್ಕೂ ಸೇರಿ 30 ರೂಪಾಯಿ ಅಂದ. ನಾನು ತಡೆದೆ. ಈಗ ಎರಡೂ ನನ್ನ ಮೇಜಿನ ಮೇಲಿವೆ. ಇವು ಯಾವ ಕಾಲದವು? ಬೆಲೆ ಏನಿರಬಹುದು? ಹೇಗೆ ತೊಳೆಯಬೇಕು? ದೀಪಾವಳಿಗೆ ಒಂದೆರಡು ಟಿಕಳಿ ಹಾಕಿ ಹೊಡೆದು ನೋಡಬಹುದಾ?

ಗುಮ್ಮಟದ ಗುಬ್ಬಿ (ವಿಜಯಪುರ)

ತೊಳೆಯಬೇಡಿ. ಇನ್ನೂ ನೀರು ಮುಟ್ಟಿಸಿಲ್ಲ ತಾನೇ? ಬೇರೆ ಎಲ್ಲದಕ್ಕೂ ಆಮೇಲೆ ಉತ್ತರ ಹೇಳುತ್ತೇನೆ. ಮೊದಲು ಇದಕ್ಕೆ ಹೂಂ ಅನ್ನಿ.

ಟಿಕಳಿಡಬ್ಬಿ

ಇಲ್ಲ ರೀ, ಬಟ್ಟೆಯಿಂದ ಧೂಳು ಒರೆಸಿದ್ದು ಅಷ್ಟೇ. ಅವ್ವ ಮಾತ್ರ ಹುಣಸೆಹಣ್ಣು ನೆನೆಹಾಕಿ ಕೂತಿದ್ದಾಳೆ. ದೇವರ ಸಾಮಾನು ತೊಳೆದ ಹಾಗೆ ತೊಳೆದುಕೊಡುತ್ತಾಳಂತೆ.

ಗುಮ್ಮಟದ ಗುಬ್ಬಿ

ಆ ಹುಣಸೆಹಣ್ಣು ಸಾರಿಗೆ ಹಾಕಲು ಹೇಳಿ. ಹಿತ್ತಾಳೆಗೆ ಅದು ಸರಿ. ನಿಮ್ಮ ಬೆಳ್ಳಿ ಬಣ್ಣದ ಪಿಸ್ತೂಲು ಹಿತ್ತಾಳೆಯಲ್ಲ, ಬೆಳ್ಳಿಯಂತೂ ಅಲ್ಲವೇ ಅಲ್ಲ. ಅದು ಸತುವಿನ ಎರಕ, ಮೇಲೆ ತೆಳ್ಳಗೆ ಲೇಪ. ಹುಳಿ ತಾಗಿದರೆ ಲೇಪ ಎದ್ದ ಕಡೆಯಿಂದ ಒಳಗಿನ ಸತುವನ್ನೇ ತಿನ್ನುತ್ತದೆ. ನಿಂಬೆ, ವಿನೆಗರು ಎಲ್ಲ ಅದೇ ಕಥೆ. ನಾನು ಹದಿನೈದು ವರ್ಷದ ಹಿಂದೆ ಒಂದನ್ನು ನಿಂಬೆಹಣ್ಣು-ಉಪ್ಪು ಹಾಕಿ ತಿಕ್ಕಿ ಹಾಳು ಮಾಡಿದ್ದೇನೆ. ಹೊಳೆಯುತ್ತಿತ್ತು, ಎರಡು ದಿನ. ಆಮೇಲೆ ಬೂದಿ ಬಡಿದ ಹಾಗಾಯಿತು.

ಒಂದು ಅಯಸ್ಕಾಂತ ತಂದು ಎರಡಕ್ಕೂ ಹಿಡಿದು ನೋಡಿ. ಎಲ್ಲೆಲ್ಲಿ ಅಂಟಿತು ಬರೆಯಿರಿ.

ನನ್ನ ಬಗ್ಗೆ ಕೇಳಿದರೆ, ನಾನು ವಿಜಯಪುರದವನು. ಸಿದ್ಧೇಶ್ವರ ಜಾತ್ರೆಯಲ್ಲಿ ಅಪ್ಪ ಕೊಡಿಸಿದ ಒಂದು ಪಿಸ್ತೂಲಿನಿಂದ ಹುಚ್ಚು ಹಿಡಿಯಿತು. ಈಗ ಕಪಾಟಿನಲ್ಲಿ ಅರವತ್ತರ ಮೇಲಿವೆ. ಮನೆಯವಳು ಲೆಕ್ಕ ಕೇಳಿದಾಗ ನಲವತ್ತು ಅಂತ ಹೇಳುತ್ತೇನೆ.

ಟಿಕಳಿಡಬ್ಬಿ

ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ತಂದು ನೋಡಿದೆ. ಬೆಳ್ಳಿ ಬಣ್ಣದ್ದಕ್ಕೆ ಮೈಗೆ ಅಂಟಲೇ ಇಲ್ಲ, ಸ್ಪ್ರಿಂಗ್ ಇರುವ ಕಡೆ ಮಾತ್ರ ಸ್ವಲ್ಪ ಎಳೆಯುತ್ತದೆ. ಕಪ್ಪಿನದಕ್ಕೆ ಎಲ್ಲ ಕಡೆ ಟಕ್ ಅಂತ ಹಿಡಿಯಿತು.

ಉದ್ಯಮಬಾಗ್ ಎರಕ (ಬೆಳಗಾವಿ)

ತಮ್ಮಾ, ನಾನು ಆಟಿಕೆಯವನಲ್ಲ. ಮೂವತ್ತೆರಡು ವರ್ಷ ಉದ್ಯಮಬಾಗಿನ ಫೌಂಡ್ರಿಗಳಲ್ಲಿ ಬೀಡು (ಕಾಸ್ಟ್ ಐರನ್) ಎರಕ ಹೊಯ್ದು ನಿವೃತ್ತಿಯಾದವನು. ಅಯಸ್ಕಾಂತದ ಮಾತು ಬಂತಲ್ಲ, ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

ಈ ಪಿಸ್ತೂಲುಗಳಲ್ಲಿ ಎರಡು ಕಾಲ ಇದೆ. ಒಂದು ಬೀಡಿನ ಕಾಲ, ಇನ್ನೊಂದು ಸತುವಿನ ಕಾಲ. ಅಮೆರಿಕದಲ್ಲಿ ಅಂತರ್ಯುದ್ಧ 1865ಕ್ಕೆ ಮುಗಿದ ಮೇಲೆ ಈ ಆಟಿಕೆ ಜೋರಾಯಿತು. ಕನೆಕ್ಟಿಕಟ್ ರಾಜ್ಯದ ಕ್ರಾಮ್‌ವೆಲ್ ಊರಿನ ಸ್ಟೀವನ್ಸ್, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನ ಹಬ್ಲೀ, ಒಹಾಯೊದ ಕಿಲ್‌ಗೋರ್ ಇವರೆಲ್ಲ ಬೀಡಿನಲ್ಲಿ ಮಾಡುತ್ತಿದ್ದರು. ನಾವು ಪಂಪ್‌ಸೆಟ್ಟಿನ ಭಾಗ ಹೊಯ್ಯುವ ಹಾಗೆಯೇ. ಮರಳಿನ ಅಚ್ಚು, ಎಡ-ಬಲ ಎರಡು ಹೋಳು, ಆಮೇಲೆ ರಿವಿಟ್ ಹೊಡೆದು ಕೂಡಿಸುವುದು. ಪ್ರತಿ ಸಲ ಅಚ್ಚು ಒಡೆಯಬೇಕು, ಮತ್ತೆ ಮರಳು ತುಂಬಬೇಕು. ಬೀಡು ಕರಗಲು ಹನ್ನೊಂದು ನೂರು ಡಿಗ್ರಿಯ ಮೇಲೆ ಬೇಕು.

ಸತುವಿನ ಮಿಶ್ರಲೋಹ 400 ಡಿಗ್ರಿಯೊಳಗೇ ನೀರಾಗುತ್ತದೆ. ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ನುಗ್ಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿ. ಅದೇ ಅಚ್ಚಿನಲ್ಲಿ ಸಾವಿರಗಟ್ಟಲೆ ತೆಗೆಯಬಹುದು. ಮೈಮೇಲಿನ ಚಿತ್ತಾರದ ಕುದುರೆಯ ಕೇಸರ, ಬಳ್ಳಿ, ಅಕ್ಷರ ಎಲ್ಲ ಚೂಪಾಗಿ ಮೂಡುತ್ತವೆ. ಎರಡನೇ ಮಹಾಯುದ್ಧದಲ್ಲಿ ಆಟಿಕೆಗೆ ಕಬ್ಬಿಣ ಸಿಗುವುದು ನಿಂತಿತು. ಯುದ್ಧ ಮುಗಿದ ಮೇಲೆ ಹೆಚ್ಚಿನವರು ಬೀಡಿಗೆ ಹಿಂದಿರುಗಲಿಲ್ಲ. ಹಾಗಾಗಿ ಅಯಸ್ಕಾಂತ ಅಂಟದ ನಿನ್ನ ಪಿಸ್ತೂಲು ಬಹುತೇಕ ಯುದ್ಧದ ನಂತರದ್ದು.

ಬೆಳ್ಳಿ ಬಣ್ಣದ್ದರ ಮೇಲೆ ಸಣ್ಣ ಬಿರುಕು, ಗುಳ್ಳೆ ಇವೆಯಾ ಅಂತ ಲೆನ್ಸ್ ಹಿಡಿದು ನೋಡು. ಸತುವಿನಲ್ಲಿ ಚಿಟಿಕೆಯಷ್ಟು ಸೀಸ ಸೇರಿದರೂ ವರ್ಷಗಳ ಮೇಲೆ ಒಳಗಿನಿಂದಲೇ ಬಿರಿದು ಪುಡಿಯಾಗುತ್ತದೆ. ಅದಕ್ಕೆ ಔಷಧ ಇಲ್ಲ. ಬೆಚ್ಚಗೆ, ತೇವವಾಗಿ ಇಟ್ಟರೆ ಇನ್ನೂ ಬೇಗ.

ಗುಮ್ಮಟದ ಗುಬ್ಬಿ

ಕಾಕಾ, ಇಷ್ಟು ವರ್ಷ ಈ ಹುಚ್ಚಿನಲ್ಲಿದ್ದರೂ ಇದನ್ನು ಇಷ್ಟು ಬಿಡಿಸಿ ಹೇಳಿದವರು ಸಿಕ್ಕಿರಲಿಲ್ಲ. ದಯವಿಟ್ಟು ಇಲ್ಲೇ ಇರಿ.

ಲೋನ್ ಸ್ಟಾರ್ ಹೆಸರು ಕೇಳಿದರೆ ಅಮೆರಿಕದ ಟೆಕ್ಸಸ್ ನೆನಪಾಗುತ್ತದೆ. ಆದರೆ ಅದು ಲಂಡನ್ನಿನ ಮಾಲು. ಮಾಡಿದ ಕಂಪನಿಯ ಹೆಸರು ಡೈ ಕಾಸ್ಟಿಂಗ್ ಮಷಿನ್ ಟೂಲ್ಸ್. ಮೂಲದಲ್ಲಿ ಅವರ ಕಸುಬು ಎರಕದ ಯಂತ್ರ ಮಾಡುವುದು. ಯಂತ್ರ ಹೇಗೂ ಇದೆ, ಅದರಲ್ಲೇ ಆಟಿಕೆ ತೆಗೆಯೋಣ ಅಂತ ಹೊರಟವರು. 1950ರ ದಶಕದಲ್ಲಿ ಟಿವಿಯಲ್ಲಿ ಕೌಬಾಯ್ ಕಥೆಗಳು ಶುರುವಾದವಲ್ಲ, ಆಗ ಅಲ್ಲಿನ ಪ್ರತಿ ಹುಡುಗನ ಸೊಂಟದಲ್ಲೂ ಇಂಥದ್ದೊಂದು.

ಮೇಲಿನ ಮುಚ್ಚಳ ತೆರೆದರೆ ಟಿಕಳಿ ಸುರುಳಿ ಕೂರುವ ಗೂಡು ಕಾಣುತ್ತದೆ. ಹ್ಯಾಮರ್ ಹಿಂದೆ ಎಳೆದಾಗ ಸಣ್ಣ ನಾಲಿಗೆಯೊಂದು ಸುರುಳಿಯನ್ನು ಒಂದು ಚುಕ್ಕೆಯಷ್ಟು ಮೇಲೆ ತಳ್ಳಬೇಕು. ಅದು ತಳ್ಳುತ್ತದೋ ಇಲ್ಲವೋ, ಖಾಲಿ ಕಾಗದದ ಪಟ್ಟಿ ಹಾಕಿ ನೋಡಿ. ಟಿಕಳಿ ಹಾಕಬೇಡಿ. ಟ್ರಿಗರನ್ನೂ ಸುಮ್ನೆ ಪಟಪಟ ಎಳೆಯಬೇಡಿ, ಹಳೇ ಸ್ಪ್ರಿಂಗು.

ಹಳೇಮಾಲು99

ಲೋನ್ ಸ್ಟಾರ್ ಅಂದರೆ ಕಣ್ಣು ಮುಚ್ಚಿ 15,000. ಆನ್‌ಲೈನಿನಲ್ಲಿ ನಾನೇ ನೋಡಿದ್ದೇನೆ. ಕ್ರೋಮ್ ಮಾಡಿಸಿ, ಹಿಡಿ ಹೊಸದು ಹಾಕಿಸಿದರೆ ಇನ್ನೂ ಜಾಸ್ತಿ. ತಗಡಿನದನ್ನು ಎಸೆಯಿರಿ. ಬೇಕಾದರೆ ಬೆಳ್ಳಿದನ್ನು ನಾನು 2,000ಕ್ಕೆ ಇವತ್ತೇ ತೆಗೆದುಕೊಳ್ಳುತ್ತೇನೆ.

ಗುಮ್ಮಟದ ಗುಬ್ಬಿ

15,000ದ ಮಾಲು 2,000ಕ್ಕೆ ಬೇಕಂತೆ. ಲೆಕ್ಕ ಚೆನ್ನಾಗಿದೆ!

ಆನ್‌ಲೈನಿನಲ್ಲಿ ಯಾರು ಎಷ್ಟು ಬೇಕಾದರೂ ಬರೆಯಬಹುದು. ಕೇಳಿದ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ನಮ್ಮೂರ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕೂತಿದೆಯಲ್ಲ, 1549ರಲ್ಲಿ ಅಹಮದ್‌ನಗರದಲ್ಲಿ ಹೊಯ್ದದ್ದು, ಅದನ್ನೂ ಬ್ರಿಟಿಷರು 1854ರಲ್ಲಿ ಹರಾಜಿಗೆ ಇಟ್ಟಿದ್ದರು. ಕೂಗಿದ ಬೆಲೆ 150 ರೂಪಾಯಿ! ಆಮೇಲೆ ಹರಾಜು ರದ್ದಾಯಿತು, ತೋಪು ಉಳಿಯಿತು. ಅಷ್ಟು ದೊಡ್ಡ ತೋಪಿನ ಬೆಲೆಯೇ ಆ ದಿನ ಬಂದವರ ಜೇಬಿನ ಮೇಲೆ ನಿಂತಿತ್ತು. ಇನ್ನು ಇದು ಯಾವ ಲೆಕ್ಕ?

ಲೋನ್ ಸ್ಟಾರ್ ಲಕ್ಷಗಟ್ಟಲೆ ಬಂದ ಮಾಲು. ಪೆಟ್ಟಿಗೆ ಇದ್ದು, ಹಿಡಿ ಸರಿ ಇದ್ದರೆ ಒಂದು ಬೆಲೆ. ಪೆಟ್ಟಿಗೆ ಇಲ್ಲದೆ ಹಿಡಿ ಸೀಳಿದ್ದರೆ ಅದರ ಅರ್ಧವೂ ಬರುವುದಿಲ್ಲ. ಮತ್ತೆ ಕ್ರೋಮ್ ಮಾಡಿಸುವ ಮಾತು ನನ್ನ ಮುಂದೆ ಆಡಬೇಡಿ.

ಇನ್ನೊಂದು ಮಾತು. ಅವರು ಎಸೆಯಿರಿ ಅಂದ ತಗಡಿನದರ ಫೋಟೋ ಹಾಕಿ. ನನಗೆ ಬೇಕಾದದ್ದು ಅದು.

ನವನಗರದ ನೆರಳು (ಬಾಗಲಕೋಟೆ)

ನಾನು ಅಂಗಡಿಯವರ ಮನೆ ಹುಡುಗಿ. ಹಳೇ ಬಾಗಲಕೋಟೆ ಪೇಟೆಯಲ್ಲಿ ನಮ್ಮ ಅಜ್ಜನ ಸ್ಟೇಷನರಿ ಅಂಗಡಿ ಇತ್ತು. ದೀಪಾವಳಿಗೆ ಒಂದು ತಿಂಗಳು ಮೊದಲೇ ಟಿಕಳಿ ಬರುತ್ತಿತ್ತು. ಶಿವಕಾಶಿಯ ಮಾಲು. ಎರಡು ನಮೂನೆ: ಬಿಡಿ ಟಿಕಳಿ ದುಂಡನೆಯ ರಟ್ಟಿನ ಡಬ್ಬಿಯಲ್ಲಿ, ಹಣೆಗೆ ಇಡುವ ಟಿಕಳಿಯಷ್ಟೇ ಚಿಕ್ಕದು. ಇನ್ನೊಂದು ಸುರುಳಿ, ಕೆಂಪು ಕಾಗದದ ಮೇಲೆ ಸಾಲಾಗಿ ಕಪ್ಪು ಗುಳ್ಳೆ. ಪ್ಲಾಸ್ಟಿಕ್ ಉಂಗುರದ ಕೇಪು ಬಂದಿದ್ದು ಬಹಳ ಆಮೇಲೆ.

ತಗಡಿನ ಪಿಸ್ತೂಲುಗಳನ್ನು ಅಜ್ಜ ಹಗ್ಗಕ್ಕೆ ಪೋಣಿಸಿ ಬಾಗಿಲಿಗೆ ತೋರಣ ಕಟ್ಟುತ್ತಿದ್ದ. ಒಂದು ದೀಪಾವಳಿಯಿಂದ ಇನ್ನೊಂದಕ್ಕೆ ಯಾವುದೂ ಬಾಳುತ್ತಿರಲಿಲ್ಲ. ಸ್ಪ್ರಿಂಗು ಸಡಿಲಾಗೋದು, ಮಡಿಚಿದ ತಗಡು ಬಾಯಿ ಬಿಡೋದು. ಮಕ್ಕಳು ಎಸೆಯುತ್ತಿದ್ದರು, ಮುಂದಿನ ವರ್ಷ ಹೊಸದು. ಹಾಗಾಗಿ ಇಷ್ಟು ವರ್ಷ ಉಳಿದ ತಗಡಿನ ಪಿಸ್ತೂಲು ಅಂದರೆ ನಾನೂ ನೋಡಬೇಕು.

ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ನವನಗರಕ್ಕೆ ಬರುವಾಗ ಅಂಗಡಿಯ ಹಳೇ ಮಾಲೆಲ್ಲ ತೂಕಕ್ಕೆ ಹೋಯಿತು. ಒಂದು ಚೀಲ ತುಂಬ ಪಿಸ್ತೂಲು ಇದ್ದವು ಅಂತ ಅಪ್ಪ ಈಗಲೂ ಹೇಳುತ್ತಾರೆ. ಗುಬ್ಬಿ ಸರ್, ಇದನ್ನು ಓದಿ ಎದೆ ಹಿಡಿದುಕೊಳ್ಳಬೇಡಿ.

ಗುಮ್ಮಟದ ಗುಬ್ಬಿ

ಹಿಡಿದುಕೊಂಡು ಕೂತಿದ್ದೇನೆ.

ಕ್ಯಾಂಪಿನ ಮಗಳು (ಬೆಳಗಾವಿ)

ಬೆಲೆಯ ಮಾತು ಬಂದಿದ್ದಕ್ಕೆ ನನ್ನ ಕಥೆ. ಎರಡು ವರ್ಷದ ಹಿಂದೆ 'ನೂರು ವರ್ಷ ಹಳೇ ಬೀಡಿನ ಪಿಸ್ತೂಲು' ಅಂತ ಆನ್‌ಲೈನಿನಲ್ಲಿ ಒಬ್ಬರಿಂದ 6,500 ಕೊಟ್ಟು ತರಿಸಿದೆ. ಫೋಟೋದಲ್ಲಿ ಚೆನ್ನಾಗಿತ್ತು. ಕೈಗೆ ಬಂದಾಗ ಹೋಳುಗಳ ನಡುವೆ ಉಗುರು ತೂರುವಷ್ಟು ಸಂದು. ಮೈಯೆಲ್ಲ ಒರಟು, ಮರಳು ಕಾಗದದ ಹಾಗೆ. ತುಕ್ಕು ಮಾತ್ರ ಒಂದೇ ಸಮನೆ, ಬಣ್ಣ ಬಳಿದಂತೆ. ಎರಡು ಹೋಳು ಕೂಡಿಸಿದ್ದ ಸ್ಕ್ರೂ ಕೂಡಿಸುವ ಚಿಹ್ನೆಯ ತಲೆಯದು, ಅದೇ ಸ್ಟಾರ್ ಸ್ಕ್ರೂ ಅಂತೀವಲ್ಲ.

ಆ ಸ್ಕ್ರೂ ಪೇಟೆಗೆ ಬಂದದ್ದೇ 1930ರ ದಶಕದಲ್ಲಿ ಅಂತ ಆಮೇಲೆ ಗೊತ್ತಾಯಿತು. ನೂರು ವರ್ಷದ ಪಿಸ್ತೂಲಿಗೆ ಅದು ಎಲ್ಲಿಂದ ಬರಬೇಕು? ವಾಪಸು ಕೇಳಿದರೆ ಫೋನೇ ಎತ್ತಲಿಲ್ಲ. ಈಗ ಅದು ನಮ್ಮ ಮನೆಯಲ್ಲಿ ಬಾಗಿಲು ಬಡಿಯದಂತೆ ತಡೆಯುವ ಕಲ್ಲು.

ಉದ್ಯಮಬಾಗ್ ಎರಕ

ಉಗುರಿನ ಪರೀಕ್ಷೆ ಸರಿಯಾಗಿದೆ ಅವ್ವಾ. ಹಳಬರು ನುಣ್ಣನೆಯ ಮರಳು ಬಳಸಿ, ಹೋಳುಗಳ ಅಂಚು ಅರದಿಂದ ಉಜ್ಜಿ ಕೂಡಿಸುತ್ತಿದ್ದರು. ನಕಲು ಮಾಡುವವರು ಅಸಲಿ ಪಿಸ್ತೂಲನ್ನೇ ಮರಳಿಗೆ ಒತ್ತಿ ಅಚ್ಚು ತೆಗೆಯುತ್ತಾರೆ. ಲೋಹ ತಣಿಯುವಾಗ ಕುಗ್ಗುತ್ತದೆ. ಬೀಡು ನೂರಕ್ಕೆ ಒಂದು ಪಾಲಿನಷ್ಟು. ಅದಕ್ಕೇ ನಕಲು ಯಾವಾಗಲೂ ಅಸಲಿಗಿಂತ ಒಂದು ಕೂದಲು ಚಿಕ್ಕದು. ನಾವು ಪ್ಯಾಟರ್ನ್ ಮಾಡುವಾಗ ಆ ಕುಗ್ಗುವಿಕೆಯನ್ನು ಮೊದಲೇ ಸೇರಿಸುತ್ತೇವೆ. ಕದಿಯುವವನಿಗೆ ಅಷ್ಟು ತಾಳ್ಮೆ ಎಲ್ಲಿದೆ?

ಗುಮ್ಮಟದ ಗುಬ್ಬಿ

ಹೊಸಬರಿಗೆ ಇನ್ನೊಂದು ಗುರುತು: ನಳಿಗೆಯ ತುದಿಯಲ್ಲಿ ಕಿತ್ತಳೆ ಬಣ್ಣದ ಬಿರಡೆ ಇದ್ದರೆ ಅದು ಹಳೇದಲ್ಲ. ಅಮೆರಿಕದಲ್ಲಿ 1988ರಲ್ಲಿ ಕಾನೂನು ಬಂತು, ನಿಜವಾದ ಪಿಸ್ತೂಲೆಂದು ಪೊಲೀಸರು ತಪ್ಪು ತಿಳಿಯಬಾರದು ಅಂತ. ಅಲ್ಲಿಂದೀಚೆಗೆ ಆ ಬಣ್ಣ. ಬಿರಡೆ ಕಿತ್ತು 'ಹಳೇದು' ಅಂತ ಮಾರುವವರೂ ಇದ್ದಾರೆ. ಒಳಗೆ ಅಂಟಿನ ಕಲೆ ಹುಡುಕಿ.

ಹಾಗೇ, ನಮ್ಮವು ಕಪ್ಪಗೆ, ಬಿರಡೆ ಇಲ್ಲದವು. ಬಸ್‌ ಸ್ಟ್ಯಾಂಡಿನಲ್ಲಿ ತೆಗೆದು ಗೆಳೆಯನಿಗೆ ತೋರಿಸಲು ಹೋಗಬೇಡಿ. ವಿಮಾನದಲ್ಲಿ ಕೈಚೀಲಕ್ಕಂತೂ ಹಾಕಲೇಬೇಡಿ. ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ನನ್ನ ಗೆಳೆಯನೊಬ್ಬ ಅರ್ಧ ಗಂಟೆ ಉತ್ತರ ಹೇಳುತ್ತಾ ನಿಂತಿದ್ದ.

ಟಿಕಳಿಡಬ್ಬಿ

ತಗಡಿನದರ ಫೋಟೋ ಹಾಕಿದ್ದೇನೆ. ಹತ್ತಿರದಿಂದ ಎರಡು, ನಳಿಗೆಯ ಬಾಯಿ ಒಂದು.

ಬೆಳ್ಳಿ ಬಣ್ಣದ್ದರ ಕಥೆ ಅಪ್ಪನಿಂದ ಸ್ವಲ್ಪ ತಿಳಿಯಿತು. ಅಪ್ಪನಿಗೆ ಈಗ ಎಪ್ಪತ್ತು. ಅವರ ಸೋದರಮಾವ ಮಡಗಾಂವದಲ್ಲಿ ಕೆಲಸಕ್ಕಿದ್ದರಂತೆ. 1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿತಲ್ಲ, ಅದರ ಮುಂದಿನ ದೀಪಾವಳಿಗೆ ಊರಿಗೆ ಬಂದಾಗ ಇದನ್ನು ತಂದರಂತೆ. ಜೊತೆಗೆ ಅಜ್ಜಿಗೆ ಒಂದು ಪಿಂಗಾಣಿ ಬಟ್ಟಲಿನ ಸೆಟ್ಟು. ಅದು ಈಗಲೂ ಇದೆ, ಯಾರೂ ಅದರಲ್ಲಿ ಚಹಾ ಕುಡಿದಿಲ್ಲ.

ನವನಗರದ ನೆರಳು

ಹಾಗಾದರೆ ಲೆಕ್ಕ ಕೂಡುತ್ತದೆ. ಆಗ ನಮ್ಮ ಕಡೆ ವಿದೇಶಿ ಮಾಲು ಬರಲು ಪರವಾನಗಿ ಬೇಕಿತ್ತು. ಪೋರ್ಚುಗೀಸರ ಗೋವಾದಲ್ಲಿ ಆ ಕಟ್ಟು ಇರಲಿಲ್ಲ, ಅಂಗಡಿಗಳಲ್ಲಿ ಯುರೋಪಿನ ಮಾಲು ತುಂಬಿತ್ತು. ಬೆಳಗಾವಿಗೆ ಗೋವಾ ಕೂಗಳತೆ. ಬಾಗಲಕೋಟೆಯ ಹುಡುಗನಿಗೆ 1962ರಲ್ಲಿ ಲೋನ್ ಸ್ಟಾರ್ ಸಿಗುವ ಮಾತೇ ಇಲ್ಲ.

ಬನಶಂಕರಿ ಪರದೆ (ಬಾದಾಮಿ)

ಎಲ್ಲರೂ ದೀಪಾವಳಿ ಅನ್ನುತ್ತಿದ್ದೀರಿ. ನಾಟಕ ಕಂಪನಿಯವರನ್ನು ಮರೆತಿರಿ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ತಿಂಗಳುಗಟ್ಟಲೆ ಕಂಪನಿಗಳು ಟೆಂಟು ಹಾಕಿರುತ್ತವೆ. ನಮ್ಮ ಮಾವ ಒಂದು ಕಂಪನಿಯಲ್ಲಿ ಖಳನಾಯಕ. ಅವರ ಪೆಟ್ಟಿಗೆಯಲ್ಲಿ ಮೀಸೆ, ಕಪ್ಪು ಕನ್ನಡಕ, ಒಂದು ಟಿಕಳಿ ಪಿಸ್ತೂಲು. ಟಿಕಳಿಯ ಶಬ್ದ ಟೆಂಟಿನ ಹಿಂದಿನ ಸಾಲಿಗೆ ಕೇಳುವುದಿಲ್ಲ. ಅದಕ್ಕೆ ಪರದೆಯ ಹಿಂದೆ ಒಬ್ಬ ಹುಡುಗ ಎರಡು ಹಲಗೆ ಹಿಡಿದು ನಿಂತಿರುತ್ತಿದ್ದ. ಮಾವ ಪಿಸ್ತೂಲಿನ ಕುದುರೆ (ಟ್ರಿಗರ್) ಎಳೆದಾಗ ಅವನು ಹಲಗೆ ಬಡಿಯಬೇಕು.

ಒಂದು ರಾತ್ರಿ ಆ ಹುಡುಗ ನಿದ್ದೆ ಹೋದ. ಟಿಕಳಿಯೂ ತಣ್ಣಗಿತ್ತು, ಟಿಕ್ ಅಂತ ಅಷ್ಟೇ. ಎದುರಿನ ನಟ ಸಾಯಲೋ ಬೇಡವೋ ಅಂತ ಒಂದು ಕ್ಷಣ ನಿಂತ. ಆಮೇಲೆ ಎದೆ ಹಿಡಿದು ಬಿದ್ದ. ಅವನು ಬಿದ್ದು ಮೂರು ಎಣಿಸುವಷ್ಟು ಹೊತ್ತಾದ ಮೇಲೆ ಹಿಂದಿನಿಂದ ಢಂ! ಜನ ಶಿಳ್ಳೆ ಹೊಡೆದು ಒನ್ಸ್ ಮೋರ್ ಅಂದರು. ಸತ್ತವನು ಎದ್ದು ಮತ್ತೊಮ್ಮೆ ಸತ್ತ.

ಆ ಪಿಸ್ತೂಲು ನನ್ನ ಬಳಿ ಇದೆ. ಮಾರುವುದಿಲ್ಲ.

ಟಿಕಳಿಡಬ್ಬಿ

ಮಾವನ ಕಥೆ ಅಪ್ಪನಿಗೆ ಓದಿ ಹೇಳಿದೆ. ಬಹಳ ದಿನದ ಮೇಲೆ ಹೊಟ್ಟೆ ಹಿಡಿದು ನಕ್ಕರು.

ಹೊಡೆಯುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಖಾಲಿ ಪಟ್ಟಿ ಹಾಕಿ ನೋಡಿದೆ, ಬೆಳ್ಳಿ ಬಣ್ಣದ್ದರ ನಾಲಿಗೆ ಸರಿಯಾಗಿ ತಳ್ಳುತ್ತಿದೆ. ಒಂದೇ ಒಂದು ಸುರುಳಿ?

ಗುಮ್ಮಟದ ಗುಬ್ಬಿ

ನಿಮ್ಮ ಪಿಸ್ತೂಲು, ನಿಮ್ಮ ಇಷ್ಟ. ನಾನಾಗಿದ್ದರೆ ಹೊಡೆಯುವುದಿಲ್ಲ. ಕಾರಣ ಹೇಳುತ್ತೇನೆ.

ಟಿಕಳಿಯಲ್ಲಿ ಇರುವುದು ಮುಖ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್, ಕೆಂಪು ರಂಜಕ. ಉರಿದ ಮೇಲೆ ಹೊಗೆ ಹೋಗುತ್ತದೆ, ಆದರೆ ಒಂದು ಬಗೆಯ ಉಪ್ಪು ಅಲ್ಲೇ ಕೂರುತ್ತದೆ. ರಂಜಕ ಸುಟ್ಟದ್ದು ತೇವ ಕುಡಿದು ಆಮ್ಲವಾಗುತ್ತದೆ. ಉಪ್ಪು, ಹುಳಿ, ನೀರು ಮೂರೂ ಸೇರಿದರೆ ಲೋಹಕ್ಕೆ ಇನ್ನೇನು ಬೇಕು? ಯಾವ ಹಳೇ ಪಿಸ್ತೂಲು ತೆಗೆದರೂ ಹ್ಯಾಮರ್ ಬಡಿಯುವ ಜಾಗವೇ ಮೊದಲು ತಿಂದುಹೋಗಿರುತ್ತದೆ. ನಮ್ಮ ವಿಜಯಪುರದ ಒಣ ಹವೆಯಲ್ಲಿ ಹೇಗೋ ನಡೆಯುತ್ತದೆ. ನಿಮ್ಮ ಬೆಳಗಾವಿಯಲ್ಲಿ ಜೂನ್ ಬಂದರೆ ಹಾಸಿಗೆಯೇ ಒದ್ದೆ, ಅಲ್ವಾ?

ಹೊಡೆಯಲೇಬೇಕೆಂದರೆ ಜಾತ್ರೆಯಲ್ಲಿ ಸಿಗುವ ಹೊಸ ಪ್ಲಾಸ್ಟಿಕ್ಕಿನದು ತನ್ನಿ.

ನವನಗರದ ನೆರಳು

ಅಂಗಡಿಯವರ ಮಗಳಾಗಿ ಇನ್ನೊಂದು ಮಾತು ಸೇರಿಸುತ್ತೇನೆ. ಟ್ರಂಕಿನಲ್ಲಿ ಹಳೇ ಟಿಕಳಿ ಸಿಕ್ಕಿದರೆ ಜೇಬಿಗೆ ಹಾಕಬೇಡಿ, ಉಗುರಿನಿಂದ ಕೆರೆಯಬೇಡಿ. ಆ ಮದ್ದಿಗೆ ಬೆಂಕಿ ಬೇಡ, ತಿಕ್ಕಿದರೆ ಸಾಕು. ನಮ್ಮ ಚಿಕ್ಕಪ್ಪ ಚಡ್ಡಿ ಜೇಬಿನಲ್ಲಿ ನಾಲ್ಕು ಸುರುಳಿ ತುರುಕಿಕೊಂಡು ಓಡಿ ತೊಡೆ ಸುಟ್ಟುಕೊಂಡಿದ್ದರು. ಆ ಕಲೆ ತೋರಿಸಿ ತೋರಿಸಿಯೇ ನಮ್ಮನ್ನು ಹೆದರಿಸುತ್ತಿದ್ದರು. ಹಳೇ ಟಿಕಳಿ ಇದ್ದರೆ ನೀರಿನಲ್ಲಿ ಚೆನ್ನಾಗಿ ನೆನೆಸಿ, ಮೆತ್ತಗಾದ ಮೇಲೆ ಬಿಸಾಡಿ.

1992ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕ್ಲೋರೇಟಿಗೆ ಗಂಧಕ ಬೆರೆಸಿದ ಮದ್ದನ್ನೇ ನಿಷೇಧಿಸಿತು, ಅಷ್ಟು ಅಪಾಯದ ಜೋಡಿ ಅದು. ವಿನಾಯಿತಿ ಕೊಟ್ಟದ್ದು ಪ್ರಯೋಗಕ್ಕೆ ಬೇಕಾದ ಚೂರುಪಾರಿಗೆ, ಬೆಂಕಿಕಡ್ಡಿಯ ತಲೆಗೆ, ಮತ್ತು ಆಟದ ಪಿಸ್ತೂಲಿನ ಕಾಗದದ ಟಿಕಳಿಗೆ. ಆದೇಶದಲ್ಲಿ ಅದರ ಹೆಸರು 'ಟಾಯ್ ಅಮೋರ್ಸಸ್'. ಅಜ್ಜ ಆ ಶಬ್ದ ಕೇಳಿ, 'ಏನ್ ದೊಡ್ಡ ಹೆಸರವಾ ನಮ್ಮ ಟಿಕಳಿಗೆ' ಅಂದಿದ್ದ.

ಹಳೇಮಾಲು99

ಇಷ್ಟೆಲ್ಲ ಯಾಕೆ? 2,500 ಕೊಡುತ್ತೇನೆ, ಕೊನೇ ಮಾತು.

ಉದ್ಯಮಬಾಗ್ ಎರಕ

ತಗಡಿನದರ ಫೋಟೋ ದೊಡ್ಡದು ಮಾಡಿ ನೋಡಿದೆ. ತಮ್ಮಾ, ನಿನ್ನ ಎರಡನೇ ಪಿಸ್ತೂಲಿನ ಬಾಯಲ್ಲಿರುವುದು ತುಕ್ಕು ಅಂತ ನನಗೆ ಅನಿಸುತ್ತಿಲ್ಲ.

ಜೀವನವಿಡೀ ತುಕ್ಕು ನೋಡಿದ್ದೇನೆ. ತಗಡಿಗೆ ತುಕ್ಕು ಹಿಡಿದರೆ ಹಕ್ಕಳೆ ಏಳುತ್ತದೆ, ಅಂಚು ತೆಳ್ಳಗಾಗಿ ತೂತು ಬೀಳುತ್ತದೆ. ಇಲ್ಲಿ ಅಂಚಿನ ಕಪ್ಪು ಬಣ್ಣ ಹಾಗೇ ಇದೆ. ಬಾಯೊಳಗೆ ಮಾತ್ರ ಕೆಂಪು. ಅದೂ ಒತ್ತಿ ತುಂಬಿದ ಹಾಗೆ. ಬೆರಳ ತುದಿ ಒದ್ದೆ ಮಾಡಿ ಒಂದು ಮೂಲೆಯಲ್ಲಿ ಮೆಲ್ಲಗೆ ಮುಟ್ಟು. ಬೆರಳಿಗೆ ಏನು ಬಂತು ಹೇಳು.

ಗುಮ್ಮಟದ ಗುಬ್ಬಿ

ಒಂದು ಮೂಲೆ ಮಾತ್ರ. ಪೂರ್ತಿ ತೆಗೆಯಬೇಡಿ.

ಟಿಕಳಿಡಬ್ಬಿ

ಕಾಕಾ, ಅದು ಮಣ್ಣು! ಬೆರಳಿಗೆ ಕೆಂಪಗೆ ಮೆತ್ತಿತು. ಮೂಸಿದರೆ ಮಳೆ ಬಿದ್ದ ವಾಸನೆ ಬಂತು ಅಂತ ಬರೆಯಬೇಕು ಅನಿಸಿತು, ಆದರೆ ನಿಜ ಹೇಳಬೇಕೆಂದರೆ ಟ್ರಂಕಿನ ನುಸಿಗುಳಿಗೆಯ ವಾಸನೆ.

ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ ನೋಡಿ, 'ಕಿಲ್ಲೇದ ಮಣ್ಣ ಅದು' ಅಂದರು.

ಬೇರೆ ಊರವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಬೆಳಗಾವಿಯಲ್ಲಿ ದೀಪಾವಳಿಗೆ ಮಕ್ಕಳು ಗಲ್ಲಿ ಗಲ್ಲಿಯಲ್ಲಿ ಮಣ್ಣಿನ ಕಿಲ್ಲಾ, ಅಂದರೆ ಕೋಟೆ, ಕಟ್ಟುತ್ತಾರೆ. ಕಲ್ಲು, ಇಟ್ಟಿಗೆ, ಹಳೇ ಗೋಣಿಚೀಲದ ಮೇಲೆ ಕೆಂಪು ಮಣ್ಣು ಮೆತ್ತುವುದು, ಸಾಸಿವೆ ಚೆಲ್ಲಿ ಹಸಿರು ಬೆಳೆಸುವುದು, ಮೇಲೆ ಶಿವಾಜಿ ಮಹಾರಾಜರು, ಕೆಳಗೆ ಮಣ್ಣಿನ ಸೈನಿಕರು. ಯಾವ ಗಲ್ಲಿಯ ಕಿಲ್ಲಾ ದೊಡ್ಡದು ಅಂತ ಪೈಪೋಟಿ.

ಅಪ್ಪನ ಗೆಳೆಯರ ಕಿಲ್ಲಾಕ್ಕೆ ತೋಪು ಇರಲಿಲ್ಲವಂತೆ. ಪಕ್ಕದ ಗಲ್ಲಿಯವರು ಬಿದಿರಿನ ಕೊಳವೆ ಇಟ್ಟಿದ್ದರಂತೆ. ಅಪ್ಪ ತಮ್ಮ ತಗಡಿನ ಪಿಸ್ತೂಲನ್ನು ಹಿಡಿಯವರೆಗೂ ಬುರುಜಿನೊಳಗೆ ಹೂತು, ನಳಿಗೆಯಷ್ಟೇ ಹೊರಗೆ ಕಾಣುವ ಹಾಗೆ ಇಟ್ಟರಂತೆ. ಒಳಗಿನಿಂದ ಕೈ ಹಾಕಿ ಕುದುರೆ ಎಳೆದರೆ ಕಿಲ್ಲಾದ ತೋಪು ಹಾರುತ್ತಿತ್ತು, ಹೊಗೆಯೂ ಬರುತ್ತಿತ್ತು. ಮೂರನೇ ದಿನ ರಾತ್ರಿ ಮಳೆ ಬಂದು ಬುರುಜು ಕುಸಿಯಿತು. ಪಿಸ್ತೂಲನ್ನು ಬೆಳಿಗ್ಗೆ ಅಗೆದು ತೆಗೆದರಂತೆ.

'ಮಾವ ತಂದ ಬೆಳ್ಳಿದನ್ನ ಯಾಕೆ ಇಡಲಿಲ್ಲ?' ಅಂತ ಕೇಳಿದೆ. 'ಅದನ್ನ ಮುಟ್ಟಾಕ ಬಿಡತಿದ್ದಿಲ್ಲೋ ನಿಮ್ಮಜ್ಜ. ಮಂದಿ ಬಂದ್ರ ತೋರ್ಸಾಕ ಇಟ್ಟಿದ್ದ' ಅಂದರು. ಅದರಲ್ಲಿ ಅಪ್ಪ ಒಟ್ಟು ಹತ್ತು ಟಿಕಳಿಯೂ ಹೊಡೆದಿಲ್ಲವಂತೆ. ಹಿಡಿ ಸೀಳಿದ್ದು ಹೇಗೆ ಅಂದರೆ ಅಜ್ಜನೇ ಬೀಳಿಸಿದ್ದು.

ಗುಮ್ಮಟದ ಗುಬ್ಬಿ

ನಾಲ್ಕು ಸಲ ಓದಿದೆ.

ನನ್ನ ಕಪಾಟಿನಲ್ಲಿ ಹಬ್ಲೀ ಇದೆ, ಎರಡು ಲೋನ್ ಸ್ಟಾರ್ ಇವೆ, ಇಟಲಿಯ ಎಡಿಸನ್ ಇದೆ. ಎಲ್ಲವನ್ನೂ ರೊಕ್ಕ ಕೊಟ್ಟು ಮತ್ತೆ ಕೊಳ್ಳಬಹುದು. ಹೆಸರಿಲ್ಲದ ನಮ್ಮ ತಗಡಿನವು ನನ್ನ ಬಳಿ ಮೂರೇ. ಮೂರನ್ನೂ ಯಾರು ಆಡಿದರೋ ಗೊತ್ತಿಲ್ಲ.

ಆ ಮಣ್ಣು ತೆಗೆಯಬೇಡಿ. ಒಣಗಿದ ಮೆತ್ತನೆಯ ಬ್ರಷ್‌ನಿಂದ ಹೊರಮೈ ಧೂಳು ಮಾತ್ರ ತೆಗೆಯಿರಿ. ಕೀಲುಗಳಿಗೆ ಹೊಲಿಗೆ ಮಷಿನ್ ಎಣ್ಣೆ, ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಹನಿ, ಜಾಸ್ತಿ ಬೇಡ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಡಿ, ಒಳಗೇ ಬೆವರುತ್ತದೆ. ಹತ್ತಿ ಬಟ್ಟೆ ಸಾಕು. ನಿಮ್ಮ ಅಪ್ಪನ ಧೋತರವೇ ಅರವತ್ತು ವರ್ಷ ಕಾಪಾಡಿದೆಯಲ್ಲ. ಔಷಧದ ಡಬ್ಬಿಯಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣ ಹತ್ತಾರು ಕೂಡಿಟ್ಟು ಮಳೆಗಾಲದಲ್ಲಿ ಜೊತೆಗೆ ಇಡಿ.

ಕ್ಯಾಂಪಿನ ಮಗಳು

ಒಂದು ಚೀಟಿ ಬರೆದು ಜೊತೆಗಿಡಿ. ಯಾರದು, ಯಾವ ಗಲ್ಲಿಯ ಕಿಲ್ಲಾ, ಯಾವ ವರ್ಷ. ನಮ್ಮ ಮನೆಯಲ್ಲಿ ಅಪ್ಪನ ಸಾಮಾನು ಎಷ್ಟೋ ಇದೆ, ಒಂದರ ಕಥೆಯೂ ಕೇಳಿಕೊಂಡಿರಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಬನಶಂಕರಿ ಪರದೆ

ಯಾವ ವರ್ಷದ ಕಿಲ್ಲಾ ಅಂತ ಅಪ್ಪನಿಗೆ ನೆನಪಿದೆಯಾ?

ಟಿಕಳಿಡಬ್ಬಿ

ನಾಲ್ಕನೇ ಕ್ಲಾಸು ಅನ್ನುತ್ತಾರೆ. ಒಮ್ಮೆ ಐದನೇ ಕ್ಲಾಸು ಅಂತಲೂ ಅಂದರು. ಚೀಟಿಯಲ್ಲಿ ಎರಡೂ ಬರೆಯುತ್ತೇನೆ.

ಉದ್ಯಮಬಾಗ್ ಎರಕ

ತಗಡಿನದರ ಸ್ಪ್ರಿಂಗು ಹೇಗಿದೆ? ಸತ್ತಿದ್ದರೆ ತಂತಿಯ ದಪ್ಪ, ಸುತ್ತಿನ ಅಗಲ ಅಳೆದು ಕಳಿಸು. ಕೈಯಲ್ಲೇ ಸುತ್ತಿ ಕೊಡುತ್ತೇನೆ, ರೊಕ್ಕ ಬೇಡ. ಹಳೇದನ್ನು ಎಸೆಯದೆ ಜೊತೆಗೇ ಇಡು. ಬಿಚ್ಚುವಾಗ ತಗಡಿನ ಕಿವಿಗಳನ್ನು ಪೂರ್ತಿ ನೆಟ್ಟಗೆ ಮಾಡಬೇಡ, ಒಂದೆರಡು ಸಲ ಬಗ್ಗಿಸಿದರೆ ಮುರಿಯುತ್ತವೆ.

ಹಳೇಮಾಲು99

ತಗಡಿನದಕ್ಕೆ ಎಷ್ಟು ಹೇಳುತ್ತೀರಿ?

ಟಿಕಳಿಡಬ್ಬಿ

ಅಳತೆ ಕಳಿಸಲು ಆಗಲಿಲ್ಲ ಕಾಕಾ, ಕ್ಷಮಿಸಿ. ನಿನ್ನೆ ಸಂಜೆ ಆಫೀಸಿನಿಂದ ಬಂದು ನೋಡಿದರೆ ಮೇಜಿನ ಮೇಲೆ ಬೆಳ್ಳಿ ಬಣ್ಣದ್ದು ಒಂದೇ ಇತ್ತು. ಅವ್ವ ಭಂಗಾರಕ್ಕೆ ಹಾಕಿದಳು ಅಂತ ಕೂಗಾಡಿಬಿಟ್ಟೆ. ಅವಳು ಮಾತಾಡದೆ ಅಪ್ಪನ ಕೋಣೆಯ ಕಡೆ ಕೈ ತೋರಿಸಿದಳು.

ತಗಡಿನದನ್ನು ಅವರು ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾರೆ. ಕೀಲಿ ಉಡದಾರಕ್ಕಿದೆ. ಇನ್ನು ಮುಂದೆ ಫೋಟೋ ಬೇಕಾದರೂ, ಸ್ಪ್ರಿಂಗಿನ ಅಳತೆ ಬೇಕಾದರೂ ನಾನು ಅವರನ್ನೇ ಕೇಳಿಕೊಂಡು ಬರಬೇಕು.